ಬಣ್ಣ ಹಾಕದ ಹಿಡಿ

ಬಿಸ್ಕತ್ತಿನ ಹಳೆಯ ತಗಡು ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅರಗಿನ ವಾಸನೆ ಬಂತು. ಇಪ್ಪತ್ತು ವರ್ಷ ದಾಟಿದ ಅರಗಿಗೆ ವಾಸನೆ ಉಳಿದಿರುತ್ತದೆಯೇ ಎಂದು ಯಾರಾದರೂ ಕೇಳಬಹುದು. ಚನ್ನಪಟ್ಟಣದಲ್ಲಿ ಬೊಂಬೆ ಮಾಡಿ ಬದುಕಿದವನ ಮೂಗಿಗೆ ಉಳಿದಿರುತ್ತದೆ ಎಂದಷ್ಟೇ ಹೇಳಬಲ್ಲೆ. ಡಬ್ಬಿಯೊಳಗೆ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಅರಗಿನ ಮುದ್ದೆ ಇತ್ತು. ಅದರ ಮೇಲೆ ನಾಲ್ಕು ಬೆರಳುಗಳ ಗುಳಿ, ಒಂದು ಕಡೆ ಹೆಬ್ಬೆರಳಿನ ಗುಳಿ, ನಡುವೆ ಅಂಗೈಯ ಗೆರೆಗಳು. ಅದು ನನ್ನ ತಂಗಿಯ ಬಲಗೈ, ಅವಳಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗಿನದು.

"ದೊಡ್ಡಣ್ಣ ಕೊಟ್ಟೋಗಿದ್ದು ಕಣಣ್ಣ. ಯಾವತ್ತಾರ ಬೇಕಾಯ್ತದೆ, ಇಟ್ಕೊ ಅಂದಿದ್ರು," ಎಂದಳು ತಂಗಿ.

ದೊಡ್ಡಣ್ಣ. ಅವಳ ಬಾಯಲ್ಲಿ ಆ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು. ನನಗೆ ಈಗ ಅರವತ್ತರ ಹತ್ತಿರ. ಮೊಮ್ಮಗಳಿದ್ದಾಳೆ, ಬಿಪಿ ಮಾತ್ರೆ ಇದೆ. ಆದರೂ ಹಳೆಯ ಕಿಚ್ಚು ಮತ್ತೆ ಎದ್ದಿತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವವನು ಎಂಥ ಮನುಷ್ಯ ಎಂದು ನನ್ನನ್ನೇ ಬೈದುಕೊಂಡೆ. ಬೈದುಕೊಂಡರೂ ಅದು ಹೋಗಲಿಲ್ಲ.

ಅವಳಿಗೆ ಮಾತ್ರ ಅವರು ದೊಡ್ಡಣ್ಣ. ನಮಗೆಲ್ಲ ಅವರು ಬಾಗಿಲ ಲೇತಿನವರು. ನಾವು ಆರು ಜನ ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಬಾಗಿಲ ಪಕ್ಕದ ಲೇತು ಅವರದು. ಹೊರಗಿನ ಬೆಳಕು ಅಲ್ಲಿಗೆ ಬೀಳುತ್ತಿತ್ತು, ಗಾಳಿ ಬರುತ್ತಿತ್ತು, ಬೆಂಗಳೂರಿನಿಂದ ಬರುವ ಅಂಗಡಿಯವರು ಮೊದಲು ನಿಲ್ಲುತ್ತಿದ್ದದ್ದೂ ಅಲ್ಲೇ. ನನ್ನ ಲೇತು ಒಳಗಡೆ, ಗೋಡೆಗೆ ಒತ್ತಿಕೊಂಡು, ಟ್ಯೂಬ್‌ಲೈಟಿನ ಕೆಳಗೆ. ನನ್ನ ತಾತ ಕೈಲೇತಿನಲ್ಲಿ ಬುಗುರಿ ತೆಗೆದವನು. ಅಪ್ಪ ಆ ಶೆಡ್ಡಿನಲ್ಲಿ ಅರ್ಧ ಜನಕ್ಕೆ ಉಳಿ ಹಿಡಿಯುವುದನ್ನು ಹೇಳಿಕೊಟ್ಟವನು. ಇವರೋ ಕಬ್ಬಾಳು ಕಡೆಯ ಹಳ್ಳಿಯವರು, ಕನಕಪುರದ ಹತ್ತಿರ ಬಂಡೆ ಕೆಲಸ ಮಾಡಿಕೊಂಡಿದ್ದವರು. ಕಲ್ಲು ಉರುಳಿ ಬಲಪಾದ ಜಜ್ಜಿಹೋದ ಮೇಲೆ, ಮೂವತ್ತು ದಾಟಿದ ವಯಸ್ಸಿನಲ್ಲಿ ಲೇತು ಕಲಿಯಲು ಬಂದರು. ಅಪ್ಪನೇ ಕಲಿಸಿದ. ನಿಂತು ಕೆಲಸ ಮಾಡಲು ಆಗದು, ಸ್ಟೂಲಿನ ಮೇಲೆ ಕೂತು ಕಾಲು ಚಾಚಿಕೊಳ್ಳಲು ಜಾಗ ಬೇಕು ಎಂದು ಬಾಗಿಲ ಲೇತನ್ನೂ ಅಪ್ಪನೇ ಕೊಟ್ಟ.

"ಅವನ ಕೈಯಾಗೆ ಮರ ಮಾತಾಡ್ತದೆ ಕಣ್ಲಾ," ಎಂದು ಅಪ್ಪ ಒಮ್ಮೆ ನನಗೆ ಹೇಳಿದ್ದ. ನನ್ನ ಬಗ್ಗೆ ಹಾಗೆ ಯಾವತ್ತೂ ಹೇಳಲಿಲ್ಲ. ಅಪ್ಪ ಹೋದ ಮೇಲೂ ಆ ಜಾಗ ಅವರಿಗೇ ಉಳಿಯಿತು. ಎದ್ದು ಈ ಕಡೆ ಬನ್ನಿ ಎಂದು ಹೇಳುವ ಧೈರ್ಯ ನನಗೆ ಇರಲಿಲ್ಲ, ಹೇಳದೆ ಸುಮ್ಮನಿರುವ ದೊಡ್ಡತನವೂ ಇರಲಿಲ್ಲ.

ಅವು ಎರಡು ಸಾವಿರದ ಇಸವಿಯ ನಂತರದ ಮೊದಲ ಕೆಲವು ವರ್ಷಗಳು. ಬಿಡದಿಯ ಸುತ್ತ ದಿನಕ್ಕೊಂದು ಕಾಂಪೌಂಡು ಏಳುತ್ತಿತ್ತು. ಬೆಳಿಗ್ಗೆ ಹೆದ್ದಾರಿಯಲ್ಲಿ ಕಾರ್ಖಾನೆಗಳ ವ್ಯಾನುಗಳು ಸಾಲಾಗಿ ನಿಂತು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು. ಪ್ಲಾಸ್ಟಿಕ್ ಆಟಿಕೆ ಬಂದು ನಮ್ಮ ಕೆಲಸ ಸೊರಗಿತ್ತು. ನನ್ನ ತಂಗಿಗೆ ಎರಡು ವರ್ಷದವಳಿದ್ದಾಗ ಪೋಲಿಯೊ ಆಗಿ ಎಡಗಾಲು ಸಣ್ಣಗೆ ಉಳಿದಿತ್ತು. ಮನೆಯೊಳಗೆ ಮೊಣಕಾಲಿನ ಮೇಲೆ ಕೈ ಊರಿ ಓಡಾಡುತ್ತಿದ್ದಳು. ಹತ್ತನೇ ಕ್ಲಾಸು ಮುಗಿಸಿ ಮನೆಯಲ್ಲೇ ಕೂತಿದ್ದವಳಿಗೆ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತು. ಹೊಲಿದ ಅಂಗಿಗಳ ದಾರ ಕತ್ತರಿಸುವ ಕೆಲಸ, ಮೊದಲ ಮೂರು ತಿಂಗಳು ಟ್ರೈನಿಂಗು. ದಿನಾ ವ್ಯಾನಿಗೆ ಸಮಯಕ್ಕೆ ಬರಬೇಕು, ಮೂರು ತಿಂಗಳಲ್ಲಿ ರಜೆ ಹಾಕುವ ಹಾಗಿಲ್ಲ ಎಂದಿದ್ದರು. ನಮ್ಮ ಮನೆಯಿಂದ ಹೆದ್ದಾರಿಗೆ ಹತ್ತು ನಿಮಿಷದ ದಾರಿ, ಅವಳಿಗೆ ಅರ್ಧ ಗಂಟೆ. ಅವಳಿಗೆ ಒಂದು ಒಳ್ಳೆಯ ಊರುಗೋಲು ಬೇಕಾಗಿತ್ತು.

ಅಂಗವಿಕಲರಿಗೆಂದು ನಡೆದ ಕ್ಯಾಂಪಿನಲ್ಲಿ ಕೊಟ್ಟ ಊರುಗೋಲು ಒಂದಿತ್ತು. ಊರಿಗೆಲ್ಲ ಒಂದೇ ಅಳತೆಯದು, ಕಂಕುಳು ಕೆತ್ತಿಹೋಗುತ್ತಿತ್ತು. ಮೂರು ತಲೆಮಾರು ಮರ ಕಡೆದ ಮನೆಯವರು ನಾವು, ನನ್ನ ತಂಗಿ ಇದನ್ನು ಹಿಡಿದು ಹೋಗಬೇಕೇ ಎಂದು ನಾನೇ ಒಂದು ಮಾಡಿದೆ. ಹೊನ್ನೆಯ ಕೋಲು, ಕಂಕುಳಿಗೆ ಮೆತ್ತೆ, ಕೈಗೆ ಅಡ್ಡಲಾಗಿ, ನಾವು ಬೊಂಬೆಗೆ ಬಳಸುವ ಆಲೆ ಮರದ ಹಿಡಿ. ಹಿಡಿಯನ್ನು ಲೇತಿಗೆ ಹಾಕಿ ನುಣ್ಣಗೆ ಕಡೆದು, ಬಣ್ಣದ ಅರಗಿನ ಕಡ್ಡಿ ಒತ್ತಿ ಕೆಂಪು, ಹಳದಿ, ಹಸಿರು ಪಟ್ಟೆ ಹಾಕಿ, ತಾಳೆಗರಿ ಒತ್ತಿ ಮುಖ ಕಾಣುವಷ್ಟು ಹೊಳಪು ಕೊಟ್ಟೆ. ಬಣ್ಣ ಹಾಕದ ವಸ್ತುವನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಮುಗಿದ ವಸ್ತು ಎನ್ನುವುದಿಲ್ಲ. ಅರಗು ಕಾಣದ ಮರ ಹೊರಗೆ ಹೋದರೆ ಅದು ಮಾಡಿದವನಿಗೆ ಅವಮಾನ. ಅವತ್ತು ಶೆಡ್ಡಿನ ಎಲ್ಲರೂ ನೋಡಿ ಭಲೇ ಎಂದರು. ಬಾಗಿಲ ಲೇತಿನವರು ಮಾತ್ರ ಹಿಡಿಯ ಮೇಲೆ ಒಮ್ಮೆ ಕೈಯಾಡಿಸಿ ವಾಪಸ್ಸು ಕೊಟ್ಟರು. ಹೊಟ್ಟೆಕಿಚ್ಚು ಎಂದುಕೊಂಡೆ. ನನ್ನಂಥವನಿಗೆ ಎಲ್ಲರಲ್ಲೂ ಕಾಣುವುದು ಅದೊಂದೇ.

ತಂಗಿ ಮೂರು ವಾರ ಅದನ್ನೇ ಹಿಡಿದು ಹೋದಳು. ಒಂದು ದಿನ ನೋಡಿದರೆ ಹಿಡಿಗೆ ಕರ್ಚೀಫು ಸುತ್ತಿದ್ದಳು. ನನಗೆ ಎಲ್ಲಿಲ್ಲದ ಕೋಪ ಬಂತು. ಅಷ್ಟು ಚೆಂದದ ಬಣ್ಣ ಮುಚ್ಚಿಕೊಂಡಿದ್ದೀಯಲ್ಲ ಎಂದು ನಾನೇ ಬಿಚ್ಚಿಹಾಕಿದೆ. ಅವಳು ಕರ್ಚೀಫನ್ನು ಮಡಿಸಿ ಇಟ್ಟುಕೊಂಡಳು. ಅಂಗೈ ಬೆವೆತರೆ ಅರಗಿನ ಮೇಲೆ ಕೈ ನಿಲ್ಲುವುದಿಲ್ಲ ಎನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಹೊಳಪು ಕೊಡುವುದೇ ಕಲಿತವನಿಗೆ ಹೊಳಪೇ ತಪ್ಪು ಎಂದು ಹೇಗೆ ಹೊಳೆದೀತು...

ಒಂದು ಭಾನುವಾರ ಅವಳು ನನಗೆ ಬುತ್ತಿ ತಂದಳು. ಶೆಡ್ಡಿನ ಹೊಸಿಲು ದಾಟುವಾಗ ಕೈ ಜಾರಿತು. ಬೀಳುವಷ್ಟರಲ್ಲಿ ಬಾಗಿಲ ಲೇತಿನವರು ಕೂತಲ್ಲಿಂದಲೇ ಅವಳ ತೋಳು ಹಿಡಿದರು. "ಎಲ್ಲಿ, ಕೈ ತೋರ್ಸವ್ವ," ಎಂದರು. ಅವಳು ನನ್ನ ಕಡೆ ನೋಡಿ, ಆಮೇಲೆ ನಿಧಾನವಾಗಿ ಅಂಗೈ ಬಿಚ್ಚಿದಳು. ಬೆರಳುಗಳ ಬುಡದಲ್ಲಿ ಬೊಬ್ಬೆ ಒಡೆದು ಕೆಂಪಗಾಗಿತ್ತು. ಮೂರು ವಾರದಿಂದ ನನಗೆ ತೋರಿಸದ ಕೈಯನ್ನು ಅವರಿಗೆ ತೋರಿಸಿದಳು.

ಮುಂದಿನ ಭಾನುವಾರ ನಾನು ಚಹಾ ಕುಡಿದು ಬರುವಾಗ ಬಾಗಿಲಲ್ಲಿ ಕಂಡದ್ದು ಇದು. ಅವರು ಬಣ್ಣ ಸೇರಿಸದ ಅರಗನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ, ಹಿಟ್ಟಿನಂತೆ ನಾದಿ, ಊರುಗೋಲಿನ ಅಡ್ಡ ಕೋಲಿಗೆ ಮುದ್ದೆಯಾಗಿ ಮೆತ್ತಿದ್ದರು. ಸುಡದಷ್ಟು ಆರಿದ ಮೇಲೆ, ಅಂಟದಂತೆ ತಂಗಿಯ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಸಿ ಹಿಡಿಯಲು ಹೇಳಿದರು. ಅವಳು ಸ್ಟೂಲಿನ ಮೇಲೆ ಕೂತೇ ಹಿಡಿಯಲು ಹೋದಳು.

"ಕೂತ್ಕಂಡ್ ಹಿಡಿದ್ರೆ ಕೈ ಸುಳ್ ಹೇಳ್ತದೆ ಕಣವ್ವ. ಎದ್ ನಿಂತ್ಕೊ. ಪೂರಾ ಭಾರ ಬುಡು."

ಅವಳು ನಿಂತಳು. ಭಾರ ಬಿಟ್ಟಳು. ಬೆರಳುಗಳು ಅರಗಿನೊಳಗೆ ಇಳಿದವು. ಅವರು ಅವಳ ಕೈಯನ್ನೇ ನೋಡುತ್ತ, ಬಾಯಲ್ಲಿ ಏನೋ ಎಣಿಸುತ್ತ ಕೂತಿದ್ದರು. ನಾನು ಒಳಗೆ ಹೋಗದೆ ಬಾಗಿಲಲ್ಲೇ ನಿಂತೆ. ಒಡಹುಟ್ಟಿದವಳು, ನಾನು ಎತ್ತಿ ಆಡಿಸಿದವಳು... ಅವಳ ಕೈಯನ್ನು ನಾನು ಹಾಗೆ ಯಾವತ್ತೂ ನೋಡಿರಲಿಲ್ಲ.

ಆ ಅಚ್ಚು ನೋಡಿಕೊಂಡು ಅವರು ಆಲೆ ಮರದಲ್ಲಿ ಹಿಡಿ ಮಾಡಿದರು. ಲೇತಿಗೆ ಹಾಕಲೇ ಇಲ್ಲ. ಲೇತಿನಲ್ಲಿ ಬರುವುದೆಲ್ಲ ದುಂಡಗೆ, ಮುಷ್ಟಿಯ ಒಳಗು ದುಂಡಗಿರುವುದಿಲ್ಲ. ಉಳಿ, ಅರ, ಪಾಲಿಶ್ ಪೇಪರು, ಇಷ್ಟರಲ್ಲೇ ಒಂದು ವಾರ ಕೂತು ಕೆತ್ತಿದರು. ಪ್ರತಿ ಬೆರಳಿಗೂ ಒಂದು ತಗ್ಗು, ಹೆಬ್ಬೆರಳಿಗೆ ಒಂದು ಗೂಡು, ಅಂಗೈಗೆ ಒಂದು ಉಬ್ಬು. ಬಣ್ಣ ಇಲ್ಲ, ಅರಗು ಇಲ್ಲ, ಹೊಳಪು ಇಲ್ಲ. ನನ್ನ ಕೋಲಿಗೇ ನನ್ನ ಹಿಡಿ ಬಿಚ್ಚಿ ಅದನ್ನು ಬೋಲ್ಟು ಹಾಕಿ ಕೂರಿಸಿದರು. ನೋಡಲು ಯಾರೋ ಅರ್ಧಕ್ಕೆ ಬಿಟ್ಟುಹೋದ ಸಾಮಾನಿನ ಹಾಗಿತ್ತು. ತಂಗಿ ಅದನ್ನು ಹಿಡಿದು ಶೆಡ್ಡಿನಿಂದ ಮನೆಯವರೆಗೂ ಎಲ್ಲೂ ನಿಲ್ಲದೆ ನಡೆದಳು. ಅವ್ವನ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಅವರು ಅವಳಿಗೆ ದೊಡ್ಡಣ್ಣ ಆದರು, ನಾನು ಬರೀ ಅಣ್ಣ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅವಳು ಚೆನ್ನಾಗಿ ನಡೆದಷ್ಟೂ ನನಗೆ ಉರಿಯುತ್ತಿತ್ತು. ಹೆದ್ದಾರಿಗೆ ಅರ್ಧ ಗಂಟೆಯ ದಾರಿ ಹದಿನೈದು ನಿಮಿಷಕ್ಕೆ ಇಳಿಯಿತು ಎಂದು ಅವಳು ಖುಷಿಯಿಂದ ಹೇಳಿದರೆ, ನನಗೆ ಕೇಳಿಸುತ್ತಿದ್ದದ್ದು ನೀನು ಮಾಡಿದ್ದರಲ್ಲಿ ಅರ್ಧ ಗಂಟೆ ಎಂದು. ಸಾಲದು ಎಂಬಂತೆ ಸುದ್ದಿ ಹರಡಿತು. ರಾಮನಗರದಿಂದ ಒಬ್ಬ ಹೆಂಗಸು ಬಂದಳು. ರೇಷ್ಮೆ ನೂಲು ತೆಗೆಯುವ ಕುದಿ ನೀರಿನಲ್ಲಿ ಬೆರಳು ಬೆಂದು ಮಡಿಸಲು ಆಗದವಳು. ಅವಳಿಗೆ ದಪ್ಪ ಹಿಡಿಯ ಸೌಟು ಮಾಡಿಕೊಟ್ಟರು. ಮಾಗಡಿ ಕಡೆಯ ಮುದುಕರೊಬ್ಬರಿಗೆ ನಡುಗುವ ಕೈಗೆ ಒಪ್ಪುವ ಕೋಲು. ಗೋಡೆಯ ಗೂಡಿನಲ್ಲಿ ಅರಗಿನ ಮುದ್ದೆಗಳು ಸಾಲಾಗಿ ಕೂತವು, ಒಂದೊಂದರಲ್ಲೂ ಒಬ್ಬೊಬ್ಬರ ಕೈ. ಬೆಂಗಳೂರಿನ ಅಂಗಡಿಯವರು ನನ್ನ ಬೊಂಬೆಗಳನ್ನು ಬಿಟ್ಟು ಆ ಮುದ್ದೆಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಬಣ್ಣ ಹಾಕಲು ಬಾರದವರು ಹಿಡಿ ಮಾಡುತ್ತಾರೆ ಎಂದು ನಾನು ಪಕ್ಕದ ಲೇತಿನವನಿಗೆ ಕೇಳುವಷ್ಟು ಜೋರಾಗಿ ಹೇಳಿದೆ. ಅವರಿಗೂ ಕೇಳಿಸಿರಬೇಕು. ತಿರುಗಿ ನೋಡಲಿಲ್ಲ.

ಆಯುಧ ಪೂಜೆ ಬಂತು. ಹಿಂದಿನ ದಿನ ಶೆಡ್ಡಿನಲ್ಲಿ ಉಳಿ, ಅರ, ಬೈರಿಗೆ ಎಲ್ಲ ತೊಳೆದು ಸಾಲಾಗಿ ಇಡುತ್ತಿದ್ದೆವು. ತಂಗಿಯ ಊರುಗೋಲೂ ಆಯುಧವೇ, ಅದನ್ನೂ ಪೂಜೆಗೆ ಇಡು ಎಂದು ಅವ್ವ ನನ್ನ ಕೈಗೆ ಕೊಟ್ಟು ಕಳಿಸಿದ್ದಳು. ಮಧ್ಯಾಹ್ನ ಬಾಗಿಲ ಲೇತಿನವರು ಹೂವು, ಬೂದುಗುಂಬಳ ತರಲು ಪೇಟೆಗೆ ಹೋದರು, ಉಳಿದವರು ಊಟಕ್ಕೆ. ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ. ಸಾಲಿನಲ್ಲಿ ಎಲ್ಲವೂ ಹೊಳೆಯುತ್ತಿದ್ದವು, ಅದೊಂದು ಹಿಡಿ ಮಾತ್ರ ಬೆವರು ಕುಡಿದು ಕಂದಾಗಿ ಕೂತಿತ್ತು. ಹಬ್ಬಕ್ಕೆ ಒಂದು ಕೈ ಬಣ್ಣ ಹಾಕಿಕೊಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬೋಲ್ಟು ಬಿಚ್ಚಿದೆ. ಲೇತಿಗೆ ಏರಿಸಿದೆ.

ಉಬ್ಬು ತಗ್ಗಿರುವ ಮರಕ್ಕೆ ಲೇತಿನಲ್ಲಿ ಅರಗು ಹಿಡಿಯುವುದಿಲ್ಲ, ಮೊದಲು ಸಮ ಮಾಡಬೇಕು. ಇದು ನನಗೆ ಹತ್ತನೇ ವಯಸ್ಸಿನಿಂದ ಗೊತ್ತು. ಗೊತ್ತಿದ್ದೂ ಉಳಿ ಇಟ್ಟೆ. ಮೊದಲು ಬೆರಳುಗಳ ನಡುವಿನ ಏಣು ಹೋಯಿತು. ಆಮೇಲೆ ಅಂಗೈಯ ಉಬ್ಬು. ಹೆಬ್ಬೆರಳಿನ ಗೂಡು ಆಳವಾಗಿತ್ತು, ಅದು ಹೋಗುವವರೆಗೂ ನಾನು ಉಳಿ ತೆಗೆಯಲಿಲ್ಲ. ಒಂದು ವಾರದ ಕೆಲಸ ಐದು ನಿಮಿಷಕ್ಕೆ ಹೊಟ್ಟಾಗಿ ನನ್ನ ಪಾದದ ಮೇಲೆ ಬಿತ್ತು. ಕೆಂಪು ಒತ್ತಿದೆ, ಹಳದಿ ಒತ್ತಿದೆ, ತಾಳೆಗರಿಯಲ್ಲಿ ಹೊಳಪು ಕೊಟ್ಟೆ. ಆ ಹೊತ್ತಿಗೆ ನನಗೆ ಎಷ್ಟು ಸಮಾಧಾನವಾಗಿತ್ತು ಎಂದರೆ, ಅದನ್ನು ನೆನೆದರೆ ಈಗ ಭಯವಾಗುತ್ತದೆ.

ಪೂಜೆಯಾದ ಮೇಲೆ ತಂಗಿಗೆ ಊರುಗೋಲು ನಾನೇ ಕೊಟ್ಟೆ. ಅವಳ ಹೆಬ್ಬೆರಳು ಹಿಡಿಯ ಮೇಲೆ ಹಳೆಯ ಗೂಡು ಹುಡುಕಿತು. ಆಮೇಲೆ "ಚೆಂದಾಗೈತೆ ಕಣಣ್ಣ," ಎಂದಳು. ಹಬ್ಬದ ರಜೆ ಮುಗಿದ ಮೊದಲ ಬೆಳಿಗ್ಗೆ ವ್ಯಾನು ಹತ್ತುವಾಗ ಬೆವೆತ ಕೈ ಜಾರಿ ಮೆಟ್ಟಿಲಿಗೆ ಮುಖ ಬಡಿದು ಬಿದ್ದಳು. ಮುಂದಿನ ಹಲ್ಲಿನ ಮೂಲೆ ಮುರಿಯಿತು, ಮೊಣಕಾಲು ಊದಿಕೊಂಡಿತು. ವ್ಯಾನು ಹೊರಟುಹೋಯಿತು. ನಾಳೆಯೂ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಸೂಪರ್‌ವೈಸರು ಹೇಳಿ ಕಳಿಸಿದ. ಮೂರು ತಿಂಗಳಿಗೆ ಇನ್ನು ಹನ್ನೊಂದು ದಿನ ಬಾಕಿ ಇತ್ತು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಇನ್ನು ಮನೆಯಲ್ಲೇ ಇರುತ್ತೇನೆ ಎಂದು ಅವ್ವನಿಗೆ ಹೇಳಿದ್ದು ನನಗೆ ಅಡುಗೆ ಮನೆಯಿಂದ ಕೇಳಿಸಿತು.

ಸುದ್ದಿ ತಿಳಿದು ಬಾಗಿಲ ಲೇತಿನವರು ಕಾಲೆಳೆದುಕೊಂಡು ಮನೆಗೆ ಬಂದರು. ಹಿಡಿಯನ್ನು ಬಿಚ್ಚಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ತಂಗಿ ಒಳಗಿನಿಂದ, "ಅಣ್ಣನ್ನ ಬಯ್ಬೇಡಿ ದೊಡ್ಡಣ್ಣ. ಹಬ್ಬಕ್ಕೆ ಅಂತ ಆಸೆಯಿಂದ ಬಣ್ಣ ಹಾಕ್ಕೊಟ್ಟವ್ನೆ, ಅವನಿಗೇನ್ ಗೊತ್ತು," ಎಂದಳು. ಅದನ್ನು ಕೇಳಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಹೊರಗಿನ ಜಗಲಿಗೆ ಬಂದೆ. ಅವರೂ ಬಂದರು. ನನ್ನ ಪಕ್ಕ ನಿಂತು ಮೆಲ್ಲಗೆ, ಒಳಗೆ ಕೇಳಿಸದ ಹಾಗೆ ಹೇಳಿದರು.

"ಬಣ್ಣ ಹಾಕಕ್ಕೆ ಇಷ್ಟು ಮರ ತೆಗಿಬೇಕಾಗಿರ್ಲಿಲ್ಲ ಕಣಪ್ಪ."

ಅಷ್ಟೇ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಹೊಡೆದಿದ್ದರೆ ಸಹಿಸುತ್ತಿದ್ದೆ. ಅವರು ನೇರವಾಗಿ ಶೆಡ್ಡಿಗೆ ಹೋಗಿ, ಗೂಡಿನಿಂದ ತಂಗಿಯ ಅಚ್ಚನ್ನು ತೆಗೆದು, ಊಟಕ್ಕೂ ಏಳದೆ ಕೂತು ಸಂಜೆಯೊಳಗೆ ಇನ್ನೊಂದು ಹಿಡಿ ಕೆತ್ತಿದರು. ಮಾರನೆಯ ಬೆಳಿಗ್ಗೆ ಊದಿದ ಮೊಣಕಾಲಿನ ತಂಗಿಯ ಜೊತೆ ತಾವೂ ವ್ಯಾನು ಹತ್ತಿ ಬಿಡದಿಗೆ ಹೋದರು. ಕಾರ್ಖಾನೆಯ ಗೇಟಿನಲ್ಲಿ ಸೂಪರ್‌ವೈಸರನ ಜೊತೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕೆಲಸ ಉಳಿಯಿತು. ಅಣ್ಣನಾದವನು ನಿಲ್ಲಬೇಕಾಗಿದ್ದ ಜಾಗ ಅದು. ಅದನ್ನೂ ಅವರೇ ತೆಗೆದುಕೊಂಡರು ಎಂದು ಅವತ್ತೂ ಹೊಟ್ಟೆ ಉರಿಯಿತು. ನಾನೇ ಬಿಟ್ಟುಕೊಟ್ಟ ಜಾಗ ಎಂದು ಒಪ್ಪಿಕೊಳ್ಳಲು ಎಷ್ಟೋ ವರ್ಷ ಬೇಕಾಯಿತು.

ನಾನು ಮಾಡಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಇನ್ನೆರಡು ವರ್ಷ ಒಂದೇ ಶೆಡ್ಡಿನಲ್ಲಿ ದುಡಿದೆವು. ಕಾಲು ನೋವು ಹೆಚ್ಚಾಗಿ ಅವರು ಊರಿಗೆ ಹೋಗುವಾಗ ಮುದ್ದೆಗಳನ್ನೆಲ್ಲ ಅವರವರಿಗೆ ಕೊಟ್ಟುಹೋದರು. ಬಾಗಿಲ ಲೇತು ಕೊನೆಗೂ ನನ್ನದಾಯಿತು. ಮೊದಲ ದಿನ ಅಲ್ಲಿ ನಿಂತಾಗ ಬೆಳಕು ನೇರ ಕಣ್ಣಿಗೆ ಹೊಡೆದು ಕೆಲಸವೇ ಸಾಗಲಿಲ್ಲ.

ಆಮೇಲೆ ಒಮ್ಮೆ ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಕಬ್ಬಾಳು ಕಡೆಯ ಬಸ್ಸಿಗೆ ಕಾಯುತ್ತ, ಕೋಲು ಊರಿಕೊಂಡು, ಬಾಳೆಹಣ್ಣು ಸುಲಿಯುತ್ತಿದ್ದರು. ತುಂಬ ಇಳಿದುಹೋಗಿದ್ದರು. ಹೋಗಿ ಮಾತಾಡಿಸಬೇಕಿತ್ತು. ಅವರು ಮೊದಲು ಕೇಳುವುದು ತಂಗಿಯ ಸುದ್ದಿಯನ್ನೇ ಎಂದು ಗೊತ್ತಿತ್ತು, ಅದನ್ನು ಅವರಿಗೆ ಕೊಡಲು ಮನಸ್ಸು ಬರಲಿಲ್ಲ. ಬಸ್ಸೊಂದರ ಮರೆಯಲ್ಲಿ ನಿಂತೆ. ಅವರ ಬಸ್ಸು ಬಂತು, ಹತ್ತಿದರು... ಮರುವರ್ಷ ಕಬ್ಬಾಳಿಗೆ ಹೋಗಿಬಂದ ಯಾರೋ ಅವರು ತೀರಿಕೊಂಡರು ಎಂದು ಹೇಳಿದರು. ತಂಗಿ ಎರಡು ದಿನ ಊಟ ಮಾಡಲಿಲ್ಲ.

ಅವಳು ಅದೇ ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದಳು. ಈಗ ಮನೆಯಲ್ಲೇ ಹೊಲಿಗೆ ಹೇಳಿಕೊಡುತ್ತಾಳೆ. ಹೋದ ತಿಂಗಳು ಆ ಹಳೆಯ ಹಿಡಿ ಸೀಳುಬಿಟ್ಟಿತು. ಹೊಸದು ಮಾಡಿಕೊಡು ಎಂದು ಈ ಡಬ್ಬಿ ತಂದು ನನ್ನ ಮುಂದಿಟ್ಟಳು. ಅಚ್ಚಿನ ಮೇಲೆ ಅವಳ ಕೈ ಇಡಿಸಿ ನೋಡಿದರೆ ಕೂರಲಿಲ್ಲ. ಬೆರಳಿನ ಗೆಣ್ಣುಗಳು ಊದಿಕೊಂಡಿವೆ, ಅಂಗೈ ಅಗಲವಾಗಿದೆ.

"ಇದನ್ನೇ ಕರಗಿಸ್ಬುಟ್ಟು ಹೊಸ ಅಚ್ಚು ತಗೊ. ಒಳ್ಳೆ ಅರಗು, ಯಾಕ್ ಹಾಳ್ಮಾಡ್ತೀಯ," ಎಂದಳು.

ಬೇಡ ಎಂದೆ. ಬೇರೆ ಅರಗು ಕಾಯಿಸಿದೆ, ನಾದಿದೆ, ಅವಳ ಕೈಗೆ ಎಣ್ಣೆ ಸವರಿದೆ. ಕೂತು ಹಿಡಿಯಲು ಹೋದವಳನ್ನು ಎದ್ದು ನಿಲ್ಲು, ಭಾರ ಬಿಡು ಎಂದೆ. ಅವಳು ನನ್ನ ಮುಖ ನೋಡಿದಳು. ಒಂಬತ್ತು ದಿನ ಕೂತು ಕೆತ್ತಿದೆ. ಎರಡು ಹಿಡಿ ಹಾಳಾದವು, ಮೂರನೆಯದು ಕೈಗೆ ಬಂತು. ಬಣ್ಣದ ಕಡ್ಡಿಗಳು ಪಕ್ಕದಲ್ಲೇ ಇದ್ದವು, ಮುಟ್ಟಲಿಲ್ಲ.

ನಿನ್ನೆ ಅವಳು ಅದನ್ನು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬಂದಳು. ಚೆನ್ನಾಗಿ ಮಾಡಿದ್ದೀಯ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ.

"ದೊಡ್ಡಣ್ಣ ಮಾಡ್ದಂಗೇ ಐತೆ ಕಣಣ್ಣ," ಎಂದು ನಕ್ಕಳು. ಮುರಿದ ಹಲ್ಲು ಕಂಡಿತು.

ಹಬ್ಬದ ಆ ಮಧ್ಯಾಹ್ನದ ವಿಷಯ ನಾನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಇದು ಪತ್ರಿಕೆಯಲ್ಲಿ ಅಚ್ಚಾದರೆ ಓದುತ್ತಾಳೆ, ನಾನು ಆಗೊಮ್ಮೆ ಈಗೊಮ್ಮೆ ಬರೆದದ್ದನ್ನು ಬಿಡದೆ ಓದುವವಳು ಅವಳೊಬ್ಬಳೇ. ಓದಲಿ. ಆದರೆ ನಾನು ಮೊದಲು ಹೇಳಬೇಕಾಗಿದ್ದವರು ಬೇರೆ ಇದ್ದರು, ಅವರು ಈಗ ಇಲ್ಲ. ಇದ್ದಿದ್ದರೆ ಈ ಹಿಡಿಯನ್ನು ಅವರ ಕೈಗೆ ಕೊಡುತ್ತಿದ್ದೆ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಅಣ್ಣ, ಈ ಸಲ ಎಷ್ಟು ಬೇಕೋ ಅಷ್ಟೇ ಮರ ತೆಗೆದಿದ್ದೀನಿ ಎನ್ನುತ್ತಿದ್ದೆ.